ಮುಖ್ಯ ವೇದಿಕೆಗೆ ಬೆನ್ನು ಹಾಕಿ: ನಾಡಿನ ಉತ್ಸವಗಳಿಗೆ ಹೊರಟವರಿಗೊಂದು ಕೈಪಿಡಿ

ದಸರೆಯ ಸುದ್ದಿ ಶುರುವಾಗುತ್ತಿದ್ದಂತೆ ಪ್ರತಿ ವರ್ಷ ಅವೇ ಪ್ರಶ್ನೆಗಳು ಬರತೊಡಗುತ್ತವೆ. ಹಂಪಿ ಉತ್ಸವ ಈ ಸಲ ಯಾವಾಗ? ವಯಸ್ಸಾದ ಅಮ್ಮನನ್ನು ಕರೆದುಕೊಂಡು ಹೋಗಬಹುದೇ? ಮಳಿಗೆಯಲ್ಲಿ ಮಾರುವ ಇಳಕಲ್ ಸೀರೆ ಅಸಲಿಯೇ? ಹೋಗಿ ಬಂದವರದು ಬೇರೆಯೇ ದೂರು: ನಾಲ್ಕು ಗಂಟೆ ನೂಕುನುಗ್ಗಲಿನಲ್ಲಿ ನಿಂತೆವು, ದೂರದಲ್ಲಿ ಯಾರೋ ಸಿನಿಮಾ ಹಾಡು ಹಾಡಿದರು, ದೂಳು ಕುಡಿದು ವಾಪಸ್ ಬಂದೆವು.

ದೂರು ನಿಜ. ಆದರೆ ಹೀಗೆ ಹೇಳುವವರು ಹೆಚ್ಚಿನವರು ಸಂಜೆ ಏಳಕ್ಕೆ ಹೋಗಿ, ಮುಖ್ಯ ವೇದಿಕೆಯ ಮುಂದೆ ನಿಂತು, ಹನ್ನೊಂದಕ್ಕೆ ಹೊರಟವರು. ಉತ್ಸವದ ತಿರುಳು ಇರುವುದು ಹಗಲಿನಲ್ಲಿ, ಪಕ್ಕದ ಸಣ್ಣ ವೇದಿಕೆಗಳಲ್ಲಿ, ಮೆರವಣಿಗೆಯ ದಾರಿಯಲ್ಲಿ ಮತ್ತು ಕರಕುಶಲ ಮಳಿಗೆಗಳ ಸಾಲಿನಲ್ಲಿ. ಅದನ್ನು ಹಿಡಿಯುವುದು ಹೇಗೆ ಎಂದು ಕೆಳಗೆ ಹಂತ ಹಂತವಾಗಿ ಬರೆದಿದ್ದೇನೆ.

1. ಹೋಗುತ್ತಿರುವುದು ಯಾವುದಕ್ಕೆ ಎಂದು ಮೊದಲು ತಿಳಿದುಕೊಳ್ಳಿ

ಉತ್ಸವ, ಜಾತ್ರೆ, ಮೇಳ ಮೂರನ್ನೂ ಒಂದೇ ಎಂದುಕೊಂಡು ಹೊರಡುವುದೇ ಮೊದಲ ತಪ್ಪು.

ಉತ್ಸವ ಎಂದರೆ ಸಾಮಾನ್ಯವಾಗಿ ಸರ್ಕಾರದ್ದು. ಜಿಲ್ಲಾಡಳಿತ ಮತ್ತು ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಸೇರಿ ನಡೆಸುತ್ತವೆ. ಹಂಪಿ ಉತ್ಸವ, ಬನವಾಸಿಯ ಕದಂಬೋತ್ಸವ, ಕಿತ್ತೂರು ಉತ್ಸವ, ಲಕ್ಕುಂಡಿ ಉತ್ಸವ, ಕರಾವಳಿ ಉತ್ಸವ ಎಲ್ಲವೂ ಈ ಬಗೆಯವು. ಬೇರೆ ಬೇರೆ ಜಿಲ್ಲೆಗಳ ತಂಡಗಳು ಒಂದೇ ಊರಿನಲ್ಲಿ ಸಿಗುತ್ತವೆ, ಅದು ಲಾಭ. ಒಂದೊಂದು ತಂಡಕ್ಕೆ ಸಿಗುವ ಹೊತ್ತು ಕಡಿಮೆ, ಅದು ನಷ್ಟ.

ಜಾತ್ರೆ ದೇವರದ್ದು. ಅಲ್ಲಿ ಕಲೆ ಪ್ರದರ್ಶನವಲ್ಲ, ಸೇವೆ. ಹರಕೆ ಹೊತ್ತವರ ಮುಂದೆ, ತೇರಿನ ಮುಂದೆ, ಬೆಳಗಿನ ಜಾವದವರೆಗೆ ನಡೆಯುತ್ತದೆ. ನೀವು ಅಲ್ಲಿ ಪ್ರೇಕ್ಷಕರಲ್ಲ, ಬಂದ ನೆಂಟರು. ಬಾದಾಮಿಯ ಬನಶಂಕರಿ, ಕೊಳ್ಳೇಗಾಲದ ಕಡೆಯ ಚಿಕ್ಕಲ್ಲೂರು, ಸವದತ್ತಿಯ ಯಲ್ಲಮ್ಮ, ಮೈಲಾರ ಇವೆಲ್ಲ ಇಂಥವು.

ಮೇಳ, ಸಂತೆ, ಪರಿಷೆಗಳಲ್ಲಿ ಕೊಳ್ಳುವುದು ಕೊಡುವುದೇ ಪ್ರಧಾನ. ಬೆಂಗಳೂರಿನ ಬಸವನಗುಡಿಯಲ್ಲಿ ಕಾರ್ತಿಕದ ಕೊನೆಯ ಸೋಮವಾರ ನಡೆಯುವ ಕಡಲೆಕಾಯಿ ಪರಿಷೆ, ಚಿತ್ರಕಲಾ ಪರಿಷತ್ತು ಜನವರಿಯಲ್ಲಿ ನಡೆಸುವ ಚಿತ್ರಸಂತೆ, ಸ್ವಸಹಾಯ ಸಂಘಗಳ ಸರಸ್ ಮೇಳ.

ಮೊದಲ ವರ್ಷ ಒಂದು ಉತ್ಸವಕ್ಕೆ ಹೋಗಿ. ಅಲ್ಲಿ ಯಾವ ಕಲೆ ಮನಸ್ಸಿಗೆ ಹಿಡಿಸಿತೋ ಆ ಕಲೆಯ ಮೂಲ ಜಾತ್ರೆಗೆ ಮುಂದಿನ ವರ್ಷ ಹೋಗಿ. ಈ ಕ್ರಮವನ್ನು ತಿರುಗಿಸಿದರೆ, ಜಾತ್ರೆಯ ಗದ್ದಲದಲ್ಲಿ ಏನು ನೋಡಬೇಕೆಂದು ತಿಳಿಯದೆ ಬೆಂಡು ಬತ್ತಾಸು ಕೊಂಡು ಬರುತ್ತೀರಿ.

2. ದಿನಾಂಕ ಗಟ್ಟಿಯಾಗುವವರೆಗೆ ಟಿಕೆಟ್ ಕಾಯ್ದಿರಿಸಬೇಡಿ

ಹಳೆಯ ಪ್ರವಾಸಿ ಪುಸ್ತಕಗಳಲ್ಲಿ ಹಂಪಿ ಉತ್ಸವ ನವೆಂಬರ್ ಮೊದಲ ವಾರ ಎಂದಿರುತ್ತದೆ. ಅದನ್ನು ನಂಬಿ ಹೋದವರು ಕಲ್ಲು ಮಾತ್ರ ನೋಡಿ ಬಂದಿದ್ದಾರೆ. 2023ರಲ್ಲಿ ಉತ್ಸವ ನಡೆದದ್ದು ಜನವರಿ ಕೊನೆಯಲ್ಲಿ, 2024ರಲ್ಲಿ ಫೆಬ್ರವರಿ ಮೊದಲ ವಾರ, 2025ರಲ್ಲಿ ಫೆಬ್ರವರಿ 28ರಿಂದ ಮಾರ್ಚ್ 2ರವರೆಗೆ. ಬರಗಾಲ, ಚುನಾವಣೆ, ಅನುದಾನ ಯಾವುದು ಏರುಪೇರಾದರೂ ಸರ್ಕಾರಿ ಉತ್ಸವ ಮುಂದಕ್ಕೆ ಹೋಗುತ್ತದೆ, ಕೆಲವೊಮ್ಮೆ ಆ ವರ್ಷ ನಡೆಯುವುದೇ ಇಲ್ಲ.

ಕಿತ್ತೂರು ಉತ್ಸವ ಇದಕ್ಕೆ ಹೊರತು. ಚೆನ್ನಮ್ಮನ ಸೈನ್ಯ 1824ರ ಅಕ್ಟೋಬರ್ 23ರಂದು ಕಂಪನಿಯ ಪಡೆಯನ್ನು ಸೋಲಿಸಿದ ನೆನಪಿನ ಹಬ್ಬವಾದ್ದರಿಂದ ಅದು ಆ ದಿನಕ್ಕೇ ಅಂಟಿಕೊಂಡಿದೆ. ದಸರೆಗೆ ಪಂಚಾಂಗವೇ ಆಧಾರ: ವಿಜಯದಶಮಿಯಂದು ಜಂಬೂಸವಾರಿ, ಇದರಲ್ಲಿ ಬದಲಾವಣೆಯಿಲ್ಲ. ಜಾತ್ರೆಗಳೂ ಹಾಗೆಯೇ. ಬನಶಂಕರಿಗೆ ಬನದ ಹುಣ್ಣಿಮೆ, ಯಲ್ಲಮ್ಮನಿಗೆ ಭಾರತ ಹುಣ್ಣಿಮೆ. ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ಹುಣ್ಣಿಮೆ ಹುಡುಕಿಕೊಂಡರೆ ಸಾಕು, ಯಾರನ್ನೂ ಕೇಳಬೇಕಾಗಿಲ್ಲ.

ಸರ್ಕಾರಿ ಉತ್ಸವದ ದಿನಾಂಕಕ್ಕೆ ಜಿಲ್ಲಾಧಿಕಾರಿಗಳ ಪತ್ರಿಕಾಗೋಷ್ಠಿಯ ವರದಿಯನ್ನು ನೋಡಿ, ಸಚಿವರ ಹೇಳಿಕೆಯನ್ನಲ್ಲ. ಸಚಿವರು ಹೇಳುವುದು ಆಸೆ, ಪೂರ್ವಭಾವಿ ಸಭೆ ಮುಗಿಸಿ ಜಿಲ್ಲಾಧಿಕಾರಿ ಹೇಳುವುದು ದಿನಾಂಕ.

3. ತಂಗಲು ಪಕ್ಕದ ಊರು, ಓಡಾಡಲು ಬಸ್

ಹಂಪಿಗೆ ಹೋಗುವವರು ಹಂಪಿಯಲ್ಲೇ ಕೋಣೆ ಬೇಕೆಂದು ಹಟ ಹಿಡಿಯುತ್ತಾರೆ. ಉತ್ಸವದ ದಿನಗಳಲ್ಲಿ ಅದು ಆಗದ ಮಾತು. ಸುಮಾರು 13 ಕಿ.ಮೀ. ದೂರದ ಹೊಸಪೇಟೆ ಅಥವಾ ಇನ್ನೂ ಹತ್ತಿರದ ಕಮಲಾಪುರ ನೋಡಿ. ಅಲ್ಲೂ ಸಿಗದಿದ್ದರೆ ಕೊಪ್ಪಳ, ಗಂಗಾವತಿ. ಬೆಂಗಳೂರಿನಿಂದ ರಾತ್ರಿ ಹೊರಡುವ ಹಂಪಿ ಎಕ್ಸ್‌ಪ್ರೆಸ್ ಬೆಳಿಗ್ಗೆ ಹೊಸಪೇಟೆ ಮುಟ್ಟಿಸುತ್ತದೆ. ಬನವಾಸಿಗೆ ಶಿರಸಿಯಲ್ಲಿ, ಲಕ್ಕುಂಡಿಗೆ ಗದಗದಲ್ಲಿ, ಕಿತ್ತೂರಿಗೆ ಧಾರವಾಡದಲ್ಲೋ ಬೆಳಗಾವಿಯಲ್ಲೋ ಉಳಿದುಕೊಳ್ಳಿ.

ಸ್ವಂತ ಕಾರು ಅನುಕೂಲವೆಂದು ತೋರುತ್ತದೆ. ಆದರೆ ಉತ್ಸವದ ಊರಿನ ಹೊರಗೇ ವಾಹನಗಳನ್ನು ತಡೆದು ನಿಲ್ಲಿಸುತ್ತಾರೆ. ಅಲ್ಲಿಂದ ನಡೆಯಬೇಕು, ರಾತ್ರಿ ಹೊರಡುವಾಗ ಹೊಲದಲ್ಲಿ ನಿಂತ ಸಾವಿರ ಕಾರುಗಳ ನಡುವೆ ನಿಮ್ಮದನ್ನು ಹುಡುಕಬೇಕು. ಬಸ್ಸೇ ವಾಸಿ. ಕರ್ನಾಟಕದ ಮಹಿಳೆಯರಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಮತ್ತು ವೇಗದೂತ ಬಸ್‌ಗಳು ಉಚಿತ, ರಾಜಹಂಸ, ಸ್ಲೀಪರ್, ಎಸಿ ಬಸ್‌ಗಳು ಇಲ್ಲ. ವಿಳಾಸವಿರುವ ಗುರುತಿನ ಚೀಟಿ ಜೊತೆಗಿರಲಿ.

ವಯಸ್ಸಾದವರು ಜೊತೆಗಿದ್ದರೆ ಕೊನೆಯ ದಿನ ಬೇಡ, ಮೊದಲ ದಿನವೂ ಬೇಡ. ಉದ್ಘಾಟನೆಯ ದಿನ ಗಣ್ಯರ ಕಾರುಗಳಿಗಾಗಿ ದಾರಿ ಮುಚ್ಚುತ್ತಾರೆ, ಸಮಾರೋಪದ ದಿನ ಜನ ಮುಗಿಬೀಳುತ್ತಾರೆ. ಮೂರು ದಿನದ ಉತ್ಸವದಲ್ಲಿ ನಡುವಿನ ದಿನವೇ ಹಿತ.

4. ಕಾರ್ಯಕ್ರಮ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಓದಿ

ಆಹ್ವಾನ ಪತ್ರಿಕೆಯ ಮೊದಲ ಪುಟಗಳ ತುಂಬ ಘನ ಉಪಸ್ಥಿತಿ, ಗೌರವ ಉಪಸ್ಥಿತಿ. ಅವನ್ನು ದಾಟಿ. ಕೊನೆಯ ಪುಟಗಳಲ್ಲಿ, ಚಿಕ್ಕ ಅಕ್ಷರಗಳಲ್ಲಿ, ಕಲಾವಿದರ ಹೆಸರು, ಊರು, ಕಲೆಯ ಹೆಸರು ಒಂದೊಂದು ಸಾಲಿನಲ್ಲಿರುತ್ತವೆ. ನಿಮಗೆ ಬೇಕಾದದ್ದು ಅದು. ಪೆನ್ನಿನಿಂದ ಗುರುತು ಹಾಕಿಕೊಳ್ಳಿ.

ಹಂಪಿಯಲ್ಲಿ ಗಾಯತ್ರಿ ಪೀಠದ ಬಳಿಯ ವೇದಿಕೆ ದೊಡ್ಡದು, ಜನವೆಲ್ಲ ಅಲ್ಲಿ. ಎದುರು ಬಸವಣ್ಣ, ಸಾಸಿವೆಕಾಳು ಗಣಪ, ವಿರೂಪಾಕ್ಷ ದೇವಸ್ಥಾನದ ಕಡೆಯ ವೇದಿಕೆಗಳಲ್ಲಿ ತತ್ವಪದ, ಹಿಂದೂಸ್ತಾನಿ ಗಾಯನ, ತೊಗಲುಗೊಂಬೆಯಾಟ ನಡೆಯುವಾಗ ಮುಂದಿನ ಸಾಲಿನಲ್ಲೇ ಕುರ್ಚಿ ಖಾಲಿ ಇರುತ್ತದೆ. ತೊಗಲುಗೊಂಬೆ ಎಂದರೆ ಹದ ಮಾಡಿದ ಚರ್ಮದಲ್ಲಿ ಕತ್ತರಿಸಿ ಬಣ್ಣ ಹಾಕಿದ ಗೊಂಬೆ, ಹಿಂದಿನಿಂದ ಬೆಳಕು ಬಿಟ್ಟು ಪರದೆಯ ಮೇಲೆ ಆಡಿಸುತ್ತಾರೆ. ಅದನ್ನು ಹತ್ತನೆಯ ಸಾಲಿನಿಂದ ನೋಡಿದರೆ ಏನೂ ಕಾಣದು. ಆಟ ಮುಗಿದ ಮೇಲೆ ಪರದೆಯ ಹಿಂದೆ ಹೋಗಲು ಅನುಮತಿ ಕೇಳಿ, ಬೇಡ ಎನ್ನುವವರು ಅಪರೂಪ.

ಪಟ್ಟಿಯ ಸಮಯವನ್ನು ಮಾತ್ರ ನಂಬಬೇಡಿ. ಭಾಷಣ ಉದ್ದವಾದರೆ ಮೊದಲು ಕತ್ತರಿ ಬೀಳುವುದು ಜನಪದ ತಂಡದ ಸಮಯಕ್ಕೆ. ಅರ್ಧ ಗಂಟೆ ಎಂದಿದ್ದದ್ದು ಹತ್ತು ನಿಮಿಷವಾಗುತ್ತದೆ. ಇದು ನನಗೆ ಇಂದಿಗೂ ಕೋಪ ಬರಿಸುವ ವಿಷಯ. ಇನ್ನೂರು ಮುನ್ನೂರು ಕಿ.ಮೀ. ದೂರದಿಂದ ಬಂದ ತಂಡವನ್ನು "ಬೇಗ ಮುಗಿಸಿ" ಎಂದು ಮೈಕಿನಲ್ಲೇ ಅವಸರಪಡಿಸುವುದನ್ನು ಹಲವು ಉತ್ಸವಗಳಲ್ಲಿ ನೋಡಿದ್ದೇನೆ. ಆದ್ದರಿಂದಲೇ ಮುಂದಿನ ಹಂತ.

5. ವೇದಿಕೆಗಿಂತ ಮೆರವಣಿಗೆ, ಮೆರವಣಿಗೆಗಿಂತ ಅದರ ಮುಂಚಿನ ಗಂಟೆ

ಬಹುತೇಕ ಉತ್ಸವಗಳಲ್ಲಿ ಜಾನಪದ ಕಲಾತಂಡಗಳ ಮೆರವಣಿಗೆ ಇರುತ್ತದೆ. ಅದು ಹೊರಡುವ ಜಾಗಕ್ಕೆ ಒಂದು ಗಂಟೆ ಮೊದಲೇ ಹೋಗಿ.

ಅಲ್ಲಿ ಕಾಣುವುದು ಇದು: ತಮಟೆಯವರು ಹುಲ್ಲು, ಕಾಗದ ಗುಡ್ಡೆ ಹಾಕಿ ಬೆಂಕಿ ಹೊತ್ತಿಸಿರುತ್ತಾರೆ. ತಮಟೆಯ ಚರ್ಮವನ್ನು ಉರಿಯ ಎದುರು ಹಿಡಿದು ತಿರುಗಿಸುತ್ತಾರೆ, ಬೆರಳಿನಿಂದ ಒಮ್ಮೆ ತಟ್ಟುತ್ತಾರೆ, ಮತ್ತೆ ಕಾಯಿಸುತ್ತಾರೆ. ಮಂದವಾಗಿದ್ದ ಸದ್ದು ಕಾಯುತ್ತಾ ಕಾಯುತ್ತಾ ಠಣ್ಣೆನ್ನತೊಡಗುತ್ತದೆ. ಶ್ರುತಿ ಕೂಡಿಸುವುದೆಂದರೆ ತಮಟೆಗೆ ಇದೇ. ಪಕ್ಕದಲ್ಲಿ ಡೊಳ್ಳಿನವರು ಹಗ್ಗ ಬಿಗಿಯುತ್ತಿರುತ್ತಾರೆ, ವೀರಗಾಸೆಯವರು ಒಬ್ಬರ ಹಣೆಗೆ ಇನ್ನೊಬ್ಬರು ವಿಭೂತಿ ಬಳಿಯುತ್ತಿರುತ್ತಾರೆ. ಮಾತನಾಡಿಸಲು ಇದೇ ಹೊತ್ತು. ಮೆರವಣಿಗೆ ಹೊರಟ ಮೇಲೆ ಅವರು ನಿಮ್ಮ ಕೈಗೆ ಸಿಗುವುದಿಲ್ಲ.

ಏನನ್ನು ಗಮನಿಸಬೇಕೆಂದು ಕೇಳುವವರಿಗಾಗಿ ನಾಲ್ಕು ಮಾತು.

ಡೊಳ್ಳು ಕುಣಿತ: ಬೀರೇಶ್ವರನ ಒಕ್ಕಲಾದ ಕುರುಬರ ಕಲೆ. ನೋಡುಗರೆಲ್ಲ ಮೇಲೇರಿ ಪಿರಮಿಡ್ಡಿನಂತೆ ನಿಲ್ಲುವುದನ್ನು ಕಾಯುತ್ತಾರೆ. ಅದು ಕಸರತ್ತು. ನೀವು ಕಾಲು ನೋಡಿ. ಬಡಿತ ಬದಲಾಗುವ ಕ್ಷಣದಲ್ಲಿ ಇಡೀ ವೃತ್ತದ ಹೆಜ್ಜೆ ಒಟ್ಟಿಗೆ ಬದಲಾಗುತ್ತದೆಯೇ ಎಂಬುದರಲ್ಲಿ ತಂಡದ ಕಸುವು ತಿಳಿಯುತ್ತದೆ.

ಕಂಸಾಳೆ: ಕಂಚಿನ ಎರಡು ತಾಳಗಳು, ಒಂದು ಬಟ್ಟಲಿನಂತೆ, ಇನ್ನೊಂದು ಚಪ್ಪಟೆ ತಟ್ಟೆಯಂತೆ, ದಾರ ಕಟ್ಟಿದ್ದು. ಆ ದಾರ ಹಿಡಿದು ಬೀಸುತ್ತಾ ಕುಣಿಯುವುದು ಬೀಸು ಕಂಸಾಳೆ. ಉತ್ಸವದಲ್ಲಿ ಸಿಗುವುದು ಇದೊಂದೇ. ಮಲೆಯ ಮಾದಪ್ಪನ ಕಥೆಯನ್ನು ರಾತ್ರಿಯಿಡೀ ಹಾಡುವ ಕಂಸಾಳೆ ಬೇರೆ, ಅದಕ್ಕೆ ಮಾದಪ್ಪನ ಬೆಟ್ಟಕ್ಕೋ ಆ ಭಾಗದ ಜಾತ್ರೆಗೋ ಹೋಗಬೇಕು. ಮಂಟೇಸ್ವಾಮಿ ಕಥೆ ಹಾಡುವ ನೀಲಗಾರರನ್ನು ಕೇಳಲು ಚಿಕ್ಕಲ್ಲೂರು.

ವೀರಗಾಸೆ: ದಕ್ಷಯಜ್ಞವನ್ನು ಹಾಳುಗೆಡವಿದ ವೀರಭದ್ರನ ಕಥೆ. ಕುಣಿತದ ನಡುವೆ ನಿಲ್ಲಿಸಿ ಒಬ್ಬರು ಗಟ್ಟಿದನಿಯಲ್ಲಿ ಒಡಪು ಹೇಳುತ್ತಾರೆ. ಒಡಪು ಎಂದರೆ ಲಯಬದ್ಧವಾದ ಮಾತು. ಜನ ಆ ಹೊತ್ತಿಗೆ ಫೋನು ಕೆಳಗಿಳಿಸುತ್ತಾರೆ, ಕುಣಿತ ನಿಂತಿತಲ್ಲ ಎಂದು. ಕಿವಿ ಕೊಡಬೇಕಾದದ್ದು ಆಗಲೇ.

ಯಕ್ಷಗಾನ: ಉತ್ಸವದ ಅರ್ಧ ಗಂಟೆಯ ತುಣುಕು ನೋಡಿ ಯಕ್ಷಗಾನ ನೋಡಿದೆ ಎನ್ನಬೇಡಿ. ದೀಪಾವಳಿಯ ಆಸುಪಾಸಿನಿಂದ ಮೇ ತಿಂಗಳ ಪತ್ತನಾಜೆಯವರೆಗೆ ಕರಾವಳಿಯಲ್ಲಿ ಮೇಳಗಳು (ಇಲ್ಲಿ ಮೇಳ ಎಂದರೆ ಯಕ್ಷಗಾನದ ತಂಡ) ತಿರುಗಾಟದಲ್ಲಿರುತ್ತವೆ. ಪತ್ತನಾಜೆ ಎಂದರೆ ತುಳುನಾಡಿನಲ್ಲಿ ಆಟ, ಕೋಲಗಳಿಗೆ ತೆರೆ ಬೀಳುವ ದಿನ. ಅದರೊಳಗೆ ಒಂದು ಬಯಲಾಟಕ್ಕೆ ಹೋಗಿ.

ಮೈಸೂರು ದಸರೆಗೂ ಇದೇ ಸೂತ್ರ. ಜಂಬೂಸವಾರಿಯಲ್ಲಿ ನಂದಿಧ್ವಜ, ಕಲಾತಂಡಗಳು, ಸ್ತಬ್ಧಚಿತ್ರಗಳೆಲ್ಲ ಮೊದಲು ಹೋಗುತ್ತವೆ, 750 ಕಿಲೋ ತೂಕದ ಅಂಬಾರಿ ಹೊತ್ತ ಆನೆ ಬರುವುದು ಕಡೆಗೆ. ಅಂಬಾರಿಗಾಗಿ ಸಂಜೆ ಬರುವವರಿಗೆ ಕಲಾತಂಡ ತಪ್ಪುತ್ತದೆ. ಮಧ್ಯಾಹ್ನಕ್ಕೆ ಮುಂಚೆಯೇ ಸಯ್ಯಾಜಿರಾವ್ ರಸ್ತೆಯಲ್ಲಿ ನೆರಳಿರುವ ಬದಿ ಹಿಡಿಯಿರಿ. ನೀರು, ಟೋಪಿ, ಒಂದು ಹಳೆಯ ಪತ್ರಿಕೆ (ಕೂರಲು) ಜೊತೆಗಿರಲಿ. ಹಳೆಯ ಕಟ್ಟಡಗಳ ಚಾವಣಿ ಹತ್ತಬೇಡಿ, ಪೊಲೀಸರು ಇಳಿಸುತ್ತಾರೆ, ಇಳಿಸದಿದ್ದರೂ ಹಳೆಯ ಸಜ್ಜಾ ನಿಮ್ಮ ಭಾರ ತಾಳುತ್ತದೆಂದು ಹೇಳಲಾಗದು.

6. ಕೊಳ್ಳುವ ಮುನ್ನ ಮಗುಚಿ ನೋಡಿ

ಹೆಚ್ಚು ಮೋಸ ಹೋಗುವುದು ಇಲ್ಲಿ. ಮಳಿಗೆಯ ಮೇಲೆ "ಜಿಐ" ಎಂದು ಬರೆದ ಕೂಡಲೇ ಒಳಗಿರುವುದೆಲ್ಲ ಅಸಲಿಯಾಗುವುದಿಲ್ಲ. ಜಿಐ ಅಂದರೆ ಭೌಗೋಳಿಕ ಸೂಚಕ: ಇಂಥ ವಸ್ತು ಇಂಥ ಪ್ರದೇಶದ್ದು ಎಂಬ ಕಾನೂನಿನ ಮಾನ್ಯತೆ. ಬಿದರಿ, ಚನ್ನಪಟ್ಟಣದ ಗೊಂಬೆ, ಕಸೂತಿ, ಇಳಕಲ್ ಸೀರೆ, ನವಲಗುಂದ ಜಮಖಾನ, ಸಂಡೂರಿನ ಲಂಬಾಣಿ ಕಸೂತಿ ಎಲ್ಲಕ್ಕೂ ಅದಿದೆ. ಆದರೆ ಮಾನ್ಯತೆ ಕಲೆಗೆ ಸಿಕ್ಕದ್ದು, ನಿಮ್ಮ ಕೈಯಲ್ಲಿರುವ ತುಂಡಿಗಲ್ಲ. ತುಂಡನ್ನು ನೀವೇ ಪರೀಕ್ಷಿಸಬೇಕು.

ಕಸೂತಿ: ಬಟ್ಟೆಯನ್ನು ಮಗುಚಿ. ಗವಂತಿ, ಮುರ್ಗಿ, ನೇಯ್ಗೆ, ಮೆಂತಿ ಎಂದು ನಾಲ್ಕು ಹೊಲಿಗೆಗಳು. ಗವಂತಿ ಮತ್ತು ಮುರ್ಗಿಯಲ್ಲಿ ಮುಂದೆ ಕಾಣುವ ಗೋಪುರ, ತೇರು, ನವಿಲು ಹಿಂದೆಯೂ ಹಾಗೆಯೇ ಕಾಣಬೇಕು. ಕೈ ಪಳಗಿದವರು ಗಂಟು ಹಾಕುವುದಿಲ್ಲ, ಎಳೆಗಳನ್ನು ಎಣಿಸಿ ಹೋದ ದಾರಿಯಲ್ಲೇ ಸೂಜಿಯನ್ನು ಹಿಂದಕ್ಕೆ ತರುತ್ತಾರೆ. ಹಿಂಬದಿಯಲ್ಲಿ ಒಂದೇ ಬಣ್ಣದ ಬಾಬಿನ್ ದಾರ, ಗಂಟು, ಅಂಟಿಸಿದ ಕಾಗದದ ಚೂರು ಕಂಡರೆ ಯಂತ್ರದ ಕೆಲಸ. ಮಾರುವವರು ಮಗುಚಲು ಬಿಡದಿದ್ದರೆ ಮುಂದಿನ ಮಳಿಗೆಗೆ ನಡೆಯಿರಿ.

ಇಳಕಲ್ ಸೀರೆ: ಮೈ ಮತ್ತು ಸೆರಗು ಸೇರುವ ಗೆರೆಯನ್ನು ಹುಡುಕಿ. ಅಸಲಿಯಲ್ಲಿ ಮೈಯ ಹಾಸೆಳೆ (ಮಗ್ಗದಲ್ಲಿ ಉದ್ದಕ್ಕೆ ಹಾಸುವ ದಾರ) ಬೇರೆ, ಸೆರಗಿನ ರೇಷ್ಮೆ ಹಾಸೆಳೆ ಬೇರೆ. ಎರಡನ್ನೂ ಕುಣಿಕೆಗೆ ಕುಣಿಕೆ ಸಿಕ್ಕಿಸಿ ಜೋಡಿಸುತ್ತಾರೆ, ಇದೇ ಕೊಂಡಿ. ಬೆರಳಿಗೆ ಸಣ್ಣ ಏಣು ಸಿಗುತ್ತದೆ. ಮೈಯಿಂದ ಸೆರಗಿಗೆ ಎಳೆ ತಡೆಯಿಲ್ಲದೆ ನುಣ್ಣಗೆ ಮುಂದುವರಿದಿದ್ದರೆ ಅದು ಇಳಕಲ್ ವಿನ್ಯಾಸದ ವಿದ್ಯುತ್ ಮಗ್ಗದ ಸೀರೆ. ಅದನ್ನು ಕೊಳ್ಳಬಾರದೆಂದೇನಿಲ್ಲ, ಕೈಮಗ್ಗದ ಬೆಲೆ ಕೊಡಬೇಡಿ ಅಷ್ಟೆ.

ಬಿದರಿ: ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಮೇಲೆ ಚಿತ್ತಾರ ಕೊರೆದು, ಆ ಗೀರಿನೊಳಗೆ ಬೆಳ್ಳಿಯ ತಂತಿ ಅಥವಾ ತಗಡು ಬಡಿದು ಕೂರಿಸುತ್ತಾರೆ. ಕಡೆಗೆ ಬೀದರ್ ಕೋಟೆಯ ಹಳೆಯ ಮಣ್ಣು ಮತ್ತು ನವಸಾಗರ ಎಂಬ ಲವಣ ಬೆರೆಸಿದ ನೀರಿನಲ್ಲಿ ಅದ್ದಿದರೆ ಸತುವು ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಚಿತ್ತಾರದ ಅಂಚಿನ ಮೇಲೆ ಉಗುರು ಎಳೆಯಿರಿ. ಬೆಳ್ಳಿ ಮೈಯೊಳಗೆ ಕೂತಿದ್ದರೆ ಉಗುರಿಗೆ ತಡೆ ಸಿಗದು. ಬಣ್ಣ ಬಳಿದದ್ದಾದರೆ ಅಂಚು ಎದ್ದಿರುತ್ತದೆ. ಅಸಲಿ ಬಿದರಿ ಕೈಗೆ ಭಾರ. ಮನೆಗೆ ತಂದ ಮೇಲೆ ಹುಣಸೆಹಣ್ಣು ಹಾಕಿ ತಿಕ್ಕುವ ಅನಾಹುತ ಮಾಡಬೇಡಿ, ಕಪ್ಪು ಹೋಗುತ್ತದೆ. ಒಣ ಬಟ್ಟೆ, ತೊಟ್ಟು ಕೊಬ್ಬರಿ ಎಣ್ಣೆ ಸಾಕು.

ಚನ್ನಪಟ್ಟಣದ ಗೊಂಬೆ: ಹಾಲೆ ಮರವನ್ನು ತಿರುಗಣೆಯಲ್ಲಿ ಕಡೆದು, ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಒದ್ದೆ ಕರವಸ್ತ್ರದಲ್ಲಿ ಉಜ್ಜಿ ನೋಡಿ, ಬಣ್ಣ ಬಿಡಬಾರದು. ಮೂಗಿಗೆ ಪೇಂಟಿನ ಘಾಟು ಬಂದರೆ ಬಾಯಿಗಿಡುವ ಮಗುವಿಗೆ ಅದು ಬೇಡ.

ಮಾರುತ್ತಿರುವವರು ಮಾಡಿದವರೇ ಎಂದು ತಿಳಿಯಲು ಕುಶಲಕರ್ಮಿಗಳಿಗೆ ಕೇಂದ್ರ ಜವಳಿ ಸಚಿವಾಲಯ ಕೊಡುವ ಪೆಹಚಾನ್ ಗುರುತಿನ ಚೀಟಿ ಇದೆಯೇ ಎಂದು ಕೇಳಬಹುದು. ಅದಕ್ಕಿಂತ ಸುಲಭದ ದಾರಿ, "ಇದಕ್ಕೆ ಎಷ್ಟು ದಿನ ಹಿಡಿಯಿತು?" ಎನ್ನುವುದು. ಮಾಡಿದವರು ಕಷ್ಟಸುಖ ಹೇಳತೊಡಗುತ್ತಾರೆ, ತಂದು ಮಾರುವವರು ಬೆಲೆ ಹೇಳುತ್ತಾರೆ.

ಚೌಕಾಶಿಯ ಬಗ್ಗೆ: ಮಾಡಿದವರೊಡನೆ ಅರ್ಧಕ್ಕೆ ಕೇಳುವುದು ಅವಮಾನ. ಎರಡು ಕೊಂಡು ಸ್ವಲ್ಪ ಬಿಡಿ ಎನ್ನಿ. ಹೋಲಿಕೆಗೆ ಬೇಕಿದ್ದರೆ ಹೊರಡುವ ಮುನ್ನ ರಾಜ್ಯ ಕರಕುಶಲ ನಿಗಮದ ಕಾವೇರಿ ಮಳಿಗೆಯಲ್ಲಿ ಬೆಲೆ ನೋಡಿಕೊಂಡು ಬನ್ನಿ. ನಗದು ಇರಲಿ, ಅದರಲ್ಲೂ ನೂರು, ಇನ್ನೂರರ ನೋಟು. ಲಕ್ಷ ಜನ ಸೇರಿದ ಕಡೆ ನೆಟ್‌ವರ್ಕ್ ಕೈಕೊಡುತ್ತದೆ, ಯುಪಿಐ ಚಕ್ರ ತಿರುಗುತ್ತಲೇ ಇರುತ್ತದೆ, ಹಣ ಹೋಯಿತೋ ಇಲ್ಲವೋ ಎಂಬ ಜಗಳಕ್ಕೆ ಸಂಜೆ ಮುಗಿಯುತ್ತದೆ.

7. ಕ್ಯಾಮೆರಾ ಮತ್ತು ನಡತೆ

ಮುಖಕ್ಕೆ ಬಣ್ಣ ಹಚ್ಚಿಕೊಳ್ಳುವ ಚೌಕಿಯಲ್ಲಿ (ಯಕ್ಷಗಾನದವರು ಬಣ್ಣದ ಮನೆಗೆ ಹೇಳುವ ಹೆಸರು) ಕೇಳದೆ ಫೋಟೊ ತೆಗೆಯಬೇಡಿ, ಚಪ್ಪಲಿ ಹಾಕಿ ಒಳಹೋಗಬೇಡಿ. ನೆಲದ ಮೇಲಿಟ್ಟ ಡೊಳ್ಳು, ತಮಟೆಗಳನ್ನು ದಾಟಬೇಡಿ, ಮಕ್ಕಳು ಬಡಿಯಲು ಬಿಡಬೇಡಿ. ಪೂಜೆ ಮಾಡಿ ಹೊರತಂದ ವಾದ್ಯಗಳು ಅವು. ಭೂತಕೋಲ ಉತ್ಸವದ ಐಟಂ ಅಲ್ಲ. ಯಾರದೋ ಮನೆಯ ಕೋಲಕ್ಕೆ ಕರೆದರೆ ಹೋಗಿ, ಫೋನು ಜೇಬಿನಲ್ಲಿರಲಿ. ಹಂಪಿ, ಪಟ್ಟದಕಲ್ಲಿನಂಥ ಸಂರಕ್ಷಿತ ಸ್ಮಾರಕಗಳಲ್ಲಿ ಅನುಮತಿಯಿಲ್ಲದೆ ಡ್ರೋನ್ ಹಾರಿಸಿದರೆ ಡ್ರೋನೂ ಹೋಗುತ್ತದೆ, ದಿನವೂ ಹಾಳಾಗುತ್ತದೆ.

8. ಹೊರಡುವ ಮುನ್ನ ತಂಡದ ನಂಬರ್ ಬರೆದುಕೊಳ್ಳಿ

ಇಷ್ಟವಾದ ತಂಡದ ಮುಖ್ಯಸ್ಥರ ಊರು, ಫೋನ್ ನಂಬರ್ ಕೇಳಿ, ಕಾಗದದ ಮೇಲೆ ಬರೆದುಕೊಳ್ಳಿ. ಅವರ ಊರಿನ ಜಾತ್ರೆ ಯಾವ ಹುಣ್ಣಿಮೆಗೆ, ಯಾವ ಅಮಾವಾಸ್ಯೆಗೆ ಎಂದೂ ಕೇಳಿ. ಮನೆಯ ಮದುವೆಗೋ ಶಾಲೆಯ ವಾರ್ಷಿಕೋತ್ಸವಕ್ಕೋ ಕರೆಸುವ ಮನಸ್ಸಿದ್ದರೆ ನಡುವಿನ ಏಜೆಂಟರಿಲ್ಲದೆ ನೇರವಾಗಿ ಮಾತನಾಡಬಹುದು. ಸಂಭಾವನೆಯ ಜೊತೆಗೆ ಬಂದು ಹೋಗುವ ವಾಹನ, ಊಟ, ಮಲಗುವ ಜಾಗ ಎಲ್ಲವನ್ನೂ ಮೊದಲೇ ಒಪ್ಪಿಕೊಳ್ಳಿ. ಡೊಳ್ಳಿನ ತಂಡಕ್ಕೆ ಹನ್ನೆರಡು ಜನರೆಂದರೆ ಹನ್ನೆರಡು ಡೊಳ್ಳು ಕೂಡ, ಒಂದು ಜೀಪು ಸಾಲದು. ಕಾರ್ಯಕ್ರಮ ಮುಗಿದ ರಾತ್ರಿಯೇ ಹಣ ಕೊಡಿ.